ಸಮುದ್ರ ಕಾಣದ ದಾರಿ

ನನ್ನ ವಾರಗಿತ್ತಿ ಸುನಂದ ತುಂಬಾ ಒಳ್ಳೆಯವಳು. ಅವಳ ಮೇಲೆ ನನಗಿರುವ ಮೊದಲನೇ ದೂರೇ ಇದು. ಕೆಟ್ಟವಳಾಗಿದ್ದರೆ ಹಾಯಾಗಿ ಜಗಳ ಆಡಿಕೊಂಡು, ಮಧ್ಯದ ಗೋಡೆಗೆ ಕೇಳಿಸುವ ಹಾಗೆ ನಾಲ್ಕು ಮಾತು ಅಂದು, ನೆಮ್ಮದಿಯಾಗಿ ನಿದ್ದೆ ಮಾಡಬಹುದಿತ್ತು. ಇವಳು ಅದಕ್ಕೂ ಅವಕಾಶ ಕೊಡುವುದಿಲ್ಲ. ನಾನು ಮುಖ ಗಂಟು ಹಾಕಿಕೊಂಡು ಕೂತರೆ ತಲೆನೋವಾ ಅಕ್ಕ ಎಂದು ಕಾಫಿ ತಂದುಕೊಡುತ್ತಾಳೆ. ಆ ಕಾಫಿಯೂ ಚೆನ್ನಾಗಿರುತ್ತದೆ.

ನಮ್ಮದು ಮುಳಬಾಗಿಲು ತಾಲ್ಲೂಕು, ಕುರುಡುಮಲೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಒಂದೇ ಮನೆಗೆ ನಡುವೆ ಗೋಡೆ ಎತ್ತಿ ಎರಡು ಮಾಡಿಕೊಂಡಿದ್ದೇವೆ. ಈ ಕಡೆ ನಾನು, ನಮ್ಮ ಯಜಮಾನರು ಅಮರನಾಥ್, ಮತ್ತು ಅವರ ಟೊಮೇಟೊ. ಆ ಕಡೆ ನನ್ನ ಮೈದುನ ಮುರಳಿಮೋಹನ್, ಅವನ ಹೆಂಡತಿ ಸುನಂದ. ನಮ್ಮತ್ತೆ ಅಕ್ಕಯಮ್ಮನವರೂ ಮಾವ ವೆಂಕಟರಾಯಪ್ಪನವರೂ ಯಾವ ಕಡೆ ಸಾರು ಚೆನ್ನಾಗಿದೆಯೋ ಆ ಕಡೆ. (ಯಾವ ಕಡೆ ಎಂದು ಹೇಳುವುದಿಲ್ಲ. ನನಗೂ ಮರ್ಯಾದೆ ಇದೆ.) ಜಗಲಿ ಮಾತ್ರ ಎಲ್ಲರಿಗೂ ಒಂದೇ, ಮತ್ತು ಈ ಅನಾಹುತವೆಲ್ಲ ಶುರುವಾದದ್ದು ಆ ಜಗಲಿಯಲ್ಲೇ.

ನಮ್ಮ ಕಡೆ ಅವರೆಕಾಯಿ ಕಾಲ ಬಂತೆಂದರೆ ದಿನಾ ಮಧ್ಯಾಹ್ನ ಹೆಂಗಸರೆಲ್ಲ ಒಂದು ಕಡೆ ಸೇರಿ ನೆನೆಸಿದ ಕಾಳನ್ನು ಒತ್ತಿ ಸಿಪ್ಪೆ ಬಿಡಿಸಲು, ಎಂದರೆ ಹಿದುಕಲು, ಕೂರುತ್ತೇವೆ. ಮಧ್ಯದಲ್ಲಿ ದೊಡ್ಡ ಬೇಸಿನ್ನು, ಸುತ್ತ ನಾವು. ಹಿದುಕುವುದಕ್ಕೆ ಎರಡು ಬೆರಳು ಸಾಕು, ಬಾಯಿ ಪೂರಾ ಖಾಲಿ ಇರುತ್ತದೆ. ಆದ್ದರಿಂದ ಯಾರಾದರೂ ಒಬ್ಬರು ಕಥೆ ಹೇಳಬೇಕು, ಉಳಿದವರು ಹೂಂಗುಟ್ಟಬೇಕು. ಎಷ್ಟೋ ವರ್ಷ ಆ ಬೇಸಿನ್ನಿನ ಪಟ್ಟದ ರಾಣಿ ನಾನೇ. ಕೋಲಾರದಲ್ಲಿ ಆದ ನನ್ನ ಪಿತ್ತಕೋಶದ ಆಪರೇಷನ್ನಿನ ಕಥೆಯನ್ನು ಎರಡು ಅವರೆಕಾಲ ಸತತವಾಗಿ ಓಡಿಸಿದ್ದೇನೆ. ಪಕ್ಕದ ಮನೆ ಚಿಕ್ಕಗಂಗಮ್ಮ ಡಾಕ್ಟರು ಕಲ್ಲು ತೋರಿಸುವ ಜಾಗ ಬಂದಾಗಲೆಲ್ಲ ಕೈ ನಿಲ್ಲಿಸಿ ಕೇಳುತ್ತಿದ್ದಳು.

ಹೀಗಿರುವಾಗ ನರಸಾಪುರದ ಫ್ಯಾಕ್ಟರಿಯವರು ನಮ್ಮ ಮುರಳಿಯನ್ನು ಟ್ರೈನಿಂಗಿಗೆಂದು ಮುಂಬೈಗೆ ಕಳಿಸಿದರು. ಅವನು ಹೆಂಡತಿಯನ್ನೂ ಕರೆದುಕೊಂಡು ಹೋದ. ವಾಪಸು ಬಂದ ಸುನಂದ ಜಗಲಿಯಲ್ಲಿ ಕೂತು, ಒಂದು ಕಾಳು ಹಿದುಕಿ, ಮೆಲ್ಲಗೆ ಸಮುದ್ರದ ವಿಷಯ ತೆಗೆದಳು. ಅಲ್ಲಿಗೆ ನನ್ನ ಪಿತ್ತಕೋಶ ಮುಗಿಯಿತು.

ಸಮುದ್ರದ ಅಲೆ, ಸಮುದ್ರದ ಗಾಳಿ, ಸಮುದ್ರದಲ್ಲಿ ಮುಳುಗುವ ಸೂರ್ಯ. ಅವಳ ಸಮುದ್ರೋಪಾಖ್ಯಾನಕ್ಕೆ ಕೊನೆಯೇ ಇರಲಿಲ್ಲ. ನಮ್ಮತ್ತೆ ತಮ್ಮ ಜೀವಮಾನದಲ್ಲಿ ಕಂಡಿರುವ ಅತಿ ದೊಡ್ಡ ನೀರು ಎಂದರೆ ನಮ್ಮೂರ ಕೆರೆ, ಅದೂ ಕೋಡಿ ಹರಿದ ವರ್ಷ. ಅವರು ಬಾಯಿ ಬಿಟ್ಟುಕೊಂಡು ಕೇಳಿದರು. ಸಾಲದ್ದಕ್ಕೆ ಮನೆಗೆ ಬಂದವರಿಗೆಲ್ಲ ನಮ್ಮ ಸುನಂದ ಸಮುದ್ರ ನೋಡ್ಕೊಂಡು ಬಂದವ್ಳೆ ಎಂದು ಪರಿಚಯ ಮಾಡಿಕೊಡಲು ಶುರು ಮಾಡಿದರು. ನನ್ನನ್ನು ಇವಳು ನಮ್ಮ ದೊಡ್ಡ ಸೊಸೆ ಎಂದಷ್ಟೇ ಹೇಳಿ ಮುಗಿಸುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು. ಮುಚ್ಚುಮರೆ ಏಕೆ, ಒಲೆ ಹಚ್ಚದೆ ಅನ್ನ ಬೇಯಿಸುವಷ್ಟು ಆಯಿತು.

ದೇವರಿಗೆ ನನ್ನ ಗೋಳು ಕೇಳಿಸಿತೆಂದು ಕಾಣುತ್ತದೆ. ವಡ್ಡಹಳ್ಳಿ ಮಾರ್ಕೆಟ್ಟಿನಿಂದ ನಮ್ಮ ಟೊಮೇಟೊ ಕೊಂಡುಕೊಂಡು ಹೋಗುವ ಮುಂಬೈ ವ್ಯಾಪಾರಿಯೊಬ್ಬರು ಮಗನ ಮದುವೆಗೆ ಕರೆದರು. ಸಂಜೆ ಮದುವೆ ಊಟ, ಮಾರನೇ ದಿನ ರಾತ್ರಿ ವಾಪಸು ರೈಲು. ನಡುವೆ ಒಂದು ಹಗಲು ಪೂರ್ತಿ ನಮ್ಮದು. ಯಾವಾಗಲೂ ಮಾತೇ ಆಡದ ನಮ್ಮ ಯಜಮಾನರು ಅವತ್ತು ಮುದ್ದೆ ಮುರಿಯುತ್ತಾ ತಾವಾಗಿ ಬಾಯಿ ಬಿಟ್ಟರು.

"ಪದ್ಮಾ, ಒಂದ್ಸಲ ಸಮುದ್ರದಾಗೆ ಕಾಲಿಟ್ಟು ಬರಾಣ ಕಣೇ. ನಂಗೆ ಇನ್ನೇನೂ ಬ್ಯಾಡ."

ಸಾರಿಗೆ ಉಪ್ಪು ಬಿಟ್ಟರೆ ನನ್ನ ಹತ್ತಿರ ಬೇರೇನೂ ಕೇಳಿದ ಮನುಷ್ಯನಲ್ಲ. ನೋಡೋಣ, ಟೈಮಿದ್ದರೆ ಎಂದೆ.

ಇಲ್ಲಿ ಒಂದು ಗಹನವಾದ ಪ್ರಶ್ನೆ ಎದುರಾಗುತ್ತದೆ, ನೀವೂ ಯೋಚಿಸಿ. ಅಷ್ಟು ದೊಡ್ಡ ಊರು, ಮೊದಲನೇ ಸಲ ಹೋಗುವುದು, ಇರುವುದು ಒಂದೇ ಹಗಲು. ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು? ಬುದ್ಧಿ ನೆಟ್ಟಗಿರುವವರು ಹೆಸರಾದದ್ದನ್ನು ಮೊದಲು ನೋಡಿ ಎನ್ನುತ್ತಾರೆ. ಹೊಟ್ಟೆಕಿಚ್ಚು ಇರುವವರ ಲೆಕ್ಕಾಚಾರ ಬೇರೆ. ಸುನಂದ ನೋಡಿದ್ದನ್ನೇ ನಾನೂ ನೋಡಿಕೊಂಡು ಬಂದರೆ ಜಗಲಿಯಲ್ಲಿ ಏನಾಗುತ್ತದೆ? ನಾನು ಸಮುದ್ರ ಎಂದು ಬಾಯಿ ತೆಗೆಯುತ್ತಲೇ ಚಿಕ್ಕಗಂಗಮ್ಮ ಹೂಂ ಹೂಂ, ಸುನಂದಾನೂ ಹೇಳಿದ್ಲು ಎನ್ನುತ್ತಾಳೆ. ನಾನು ಎಷ್ಟು ಅಲೆ ಎಬ್ಬಿಸಿದರೂ ಅದು ಎರಡನೇ ಸಲದ ಅಲೆಯೇ. ಆದ್ದರಿಂದ ನನ್ನ ಸೂತ್ರ ಒಂದೇ. ಸುನಂದ ನೋಡದೇ ಇರುವುದನ್ನು ಮಾತ್ರ ನೋಡಬೇಕು.

ಅವಳು ಏನೇನು ನೋಡಿದ್ದಾಳೆಂದು ಪತ್ತೆ ಮಾಡಲು ಪತ್ತೇದಾರಿಕೆಯೇನೂ ಬೇಕಾಗಲಿಲ್ಲ. ಕೇಳಿದ್ದೇ ತಡ, ಸಂತೋಷದಿಂದ ಎಲ್ಲವನ್ನೂ ಒಪ್ಪಿಸಿದಳು. ಗೇಟ್‌ವೇ ನೋಡಿದ್ದಳು, ಜುಹೂ ನೋಡಿದ್ದಳು, ಸಿದ್ಧಿವಿನಾಯಕನನ್ನೂ ನೋಡಿದ್ದಳು. ಹಾಳಾದವಳು ಸಮುದ್ರವನ್ನಂತೂ ನಾಲ್ಕು ಕಡೆಯಿಂದ ನೋಡಿಬಿಟ್ಟಿದ್ದಳು. ಮೇಲಾಗಿ, ಅಲ್ಲಿ ಗಾಳಿ ಜಾಸ್ತಿ, ಜಡೆ ಬಿಗಿಯಾಗಿ ಹಾಕ್ಕೊಳಿ ಅಕ್ಕ ಎಂದು ತನ್ನ ಹೊಸ ಬ್ಯಾಗನ್ನೂ ನನಗೆ ಕೊಟ್ಟಳು. ನಾನು ಬ್ಯಾಗು ತೆಗೆದುಕೊಂಡು, ಗೋಡೆಯ ಈ ಕಡೆ ಬಂದು, ಅವಳು ಹೇಳಿದ್ದನ್ನೆಲ್ಲ ನಮ್ಮ ಪ್ರವಾಸದಿಂದ ಕಿತ್ತು ಹಾಕಿದೆ. ಮುಂಬೈಯಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಮೊಬೈಲಿನಲ್ಲಿ ತಡಕಾಡಿ ಎರಡು ಜಾಗ ಹಿಡಿದೆ. ಒಂದು ಧೋಬಿ ಘಾಟ್, ಇನ್ನೊಂದು ಪೆಂಗ್ವಿನ್ ಇರುವ ಮೃಗಾಲಯ.

ಮುಂಬೈ ತಲುಪಿದೆವು, ಮದುವೆಯಲ್ಲಿ ಉಂಡೆವು, ಮಲಗಿ ಎದ್ದೆವು. ಬೆಳಿಗ್ಗೆ ಹೋಟೆಲಿನ ಎದುರು ವಡಾಪಾವ್ ಗಾಡಿ ಘಮಘಮ ಎನ್ನುತ್ತಿತ್ತು. ಸುನಂದ ವಡಾಪಾವ್ ತಿಂದಿದ್ದಳು, ಆದ್ದರಿಂದ ನಾವು ಇಡ್ಲಿ ತಿಂದೆವು. ಸಾಯಂಕಾಲದವರೆಗೆ ಒಂದು ಟ್ಯಾಕ್ಸಿ ಗೊತ್ತು ಮಾಡಿಕೊಂಡೆವು. ಡ್ರೈವರು ಒಳ್ಳೇ ಉತ್ಸಾಹದ ಹುಡುಗ, ಹಾಡು ಜೋರಾಗಿ ಹಾಕಿಕೊಂಡಿದ್ದ. ಮೊದಲು ನಿಮಗೆ ಸಮುದ್ರ ತೋರಿಸುತ್ತೇನೆ ಎಂದ. ನಾನು ಮುಳಬಾಗಿಲು ಸಂತೆಯಲ್ಲಿ ಕಲಿತ ಉರ್ದುವಿನಲ್ಲಿ ಅವನನ್ನು ತಡೆದೆ.

"ಸಮುದ್ರ ಬೇಡಪ್ಪಾ. ಸಮುದ್ರ ಕಣ್ಣಿಗೇ ಬೀಳಬಾರದು. ಸಮುದ್ರ ಕಾಣದ ದಾರಿಯಲ್ಲಿ ಕರ್ಕೊಂಡು ಹೋಗು."

ಹುಡುಗ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದ. ಆಮೇಲೆ ನಮ್ಮ ಯಜಮಾನರನ್ನು ನೋಡಿದ. ಅವರು ತಲೆ ತಗ್ಗಿಸಿಕೊಂಡು ಕೂತಿದ್ದರು. ಹುಡುಗ ಹಾಡು ನಿಲ್ಲಿಸಿದ. ಅಲ್ಲಿಂದ ಮುಂದೆ ಹಾರನ್ನು ಕೂಡ ಮೆತ್ತಗೆ ಒತ್ತುತ್ತಿದ್ದ. ಎಲ್ಲಾದರೂ ಎರಡು ಕಟ್ಟಡಗಳ ಸಂದಿಯಲ್ಲಿ ನೀಲಿ ಕಾಣಿಸಿತೋ, ದೀದಿ, ಈ ಕಡೆ ನೋಡಿ ಎಂದು ನನ್ನನ್ನು ಇನ್ನೊಂದು ಕಡೆಗೆ ತಿರುಗಿಸುತ್ತಿದ್ದ. ದೊಡ್ಡ ಊರಿನವರಿಗೆ ಗಿರಾಕಿ ಎಂದರೆ ಎಷ್ಟು ಗೌರವ ಎಂದು ನಾನು ಮೆಚ್ಚಿಕೊಂಡೆ.

ಧೋಬಿ ಘಾಟನ್ನು ಸೇತುವೆಯ ಮೇಲೆ ನಿಂತು ನೋಡಬೇಕು. ಕೆಳಗೆ ಸಾಲು ಸಾಲು ತೊಟ್ಟಿ, ತೊಟ್ಟಿಗೊಬ್ಬ ಗಂಡಸು, ಎಲ್ಲರೂ ದಬದಬ ಎಂದು ಒಗೆಯುತ್ತಿದ್ದರು. ನಮ್ಮ ಯಜಮಾನರು ತುಂಬಾ ಹೊತ್ತು ನೋಡಿದರು.

"ಇದೇನೇ, ಬಟ್ಟೆ ಒಗೀತಾವ್ರೆ."

"ಹೂಂ. ಫಾರಿನ್ನೋರೆಲ್ಲ ಬಂದು ಫೋಟೋ ಹಿಡ್ಕೊಂಡು ಹೋಗ್ತಾರಂತೆ."

"ಅವ್ರ ಮನ್ಯಾಗೆ ಮಿಷನ್ ಇರ್ತದೆ, ಅವ್ರಿಗೆ ವಿಶೇಷ. ನೀನು ಮೊನ್ನೆ ಹೊರಡೋ ಮುಂಚೆ ಒಗ್ದು ಬಂದಿದ್ಯಲ್ಲೇ."

ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ನನ್ನ ಕಣ್ಣು ಒಬ್ಬನ ಮೇಲೆ ನೆಟ್ಟಿತ್ತು. ಕಾಲರು ಸರಿಯಾಗಿ ಉಜ್ಜದೆ ಹಾಗೇ ಜಾಲಿಸಿಬಿಡುತ್ತಿದ್ದ. ಕೂಗಿ ಹೇಳಬೇಕೆನ್ನಿಸಿತು, ತಡೆದುಕೊಂಡೆ. ಪ್ರವಾಸಕ್ಕೆ ಬಂದಿದ್ದೇನೆ ಎಂದು ನನಗೆ ನಾನೇ ಜ್ಞಾಪಿಸಿಕೊಳ್ಳಬೇಕಾಯಿತು.

ಮೃಗಾಲಯದ ಮುಂದೆ ಹನುಮಂತನ ಬಾಲದಷ್ಟು ಉದ್ದದ ಕ್ಯೂ. ನಮ್ಮ ಯಜಮಾನರು ಮಂಡಿ ನೋವು, ನೀನೇ ನೋಡ್ಕೊಂಡು ಬಾ, ನಾನು ಟ್ಯಾಕ್ಸಿಯಲ್ಲಿ ಕೂತಿರುತ್ತೇನೆ ಎಂದರು. ನಾನೊಬ್ಬಳೇ ನಿಂತೆ. ಬಿಸಿಲಲ್ಲಿ ನಿಂತು, ನೆರಳಲ್ಲಿ ನಿಂತು, ಯಾರದೋ ಮಗುವಿನ ಐಸ್‌ಕ್ರೀಮನ್ನು ಸೀರೆಗೆ ಒರೆಸಿಕೊಂಡು, ಕೊನೆಗೂ ಒಳಗೆ ಹೋದೆ. ಗಾಜಿನ ಆಚೆ ಪೆಂಗ್ವಿನ್‌ಗಳು ನಿಂತಿದ್ದವು. ಏನಾದರೂ ಮಾಡುತ್ತವೇನೋ ಎಂದು ಕಾದೆ. ಅವೂ ಕಾದವು. ಒಂದು ಮಾತ್ರ ಕುತ್ತಿಗೆ ಓರೆ ಮಾಡಿ, ಇವಳು ಇಷ್ಟು ದೂರದಿಂದ ಯಾಕೆ ಬಂದಳು ಎನ್ನುವ ಹಾಗೆ ನನ್ನನ್ನು ನೋಡಿತು. ಹಿಂದಿನವರು ತಳ್ಳಿದರು, ಹೊರಗೆ ಬಂದೆ.

ನಮ್ಮ ಯಜಮಾನರು ಟ್ಯಾಕ್ಸಿಗೆ ಒರಗಿ ನಿಂತಿದ್ದರು. ಪ್ಯಾಂಟು ಮಂಡಿಯವರೆಗೆ ಒದ್ದೆ. ಇದೇನ್ರೀ ಎಂದೆ. ಕಾಲು ತೊಳ್ಕೊಂಡೆ ಎಂದರು. ಅವರ ಮುಖದಲ್ಲಿ ಟೊಮೇಟೊಗೆ ಒಳ್ಳೇ ರೇಟು ಸಿಕ್ಕ ದಿನದ ಕಳೆ ಇತ್ತು. ಹೆಂಡತಿ ಅರ್ಧ ದಿನ ಹತ್ತಿರ ಇಲ್ಲದಿದ್ದರೆ ಗಂಡಸರಿಗೆ ಇಷ್ಟು ಸಂತೋಷವಾಗುತ್ತದೆಯೇ ಎಂದು ನನಗೆ ಸ್ವಲ್ಪ ಬೇಜಾರಾಯಿತು. ಡ್ರೈವರು ನನಗಾಗಿ ಬಾಗಿಲು ತೆಗೆದು, ತಲೆ ಬಾಗಿಸಿ, ಎದೆಯ ಮೇಲೆ ಕೈ ಇಟ್ಟುಕೊಂಡ. ಸಮುದ್ರ ಕಾಣದ ದಾರಿಯಲ್ಲೇ ಸ್ಟೇಷನ್ನಿಗೆ ಬಿಟ್ಟ.

ಊರಿಗೆ ಬಂದ ಮಾರನೇ ದಿನವೇ ನನ್ನ ಪುನರ್ ಪಟ್ಟಾಭಿಷೇಕ ನಿಗದಿಯಾಗಿತ್ತು. ಬೇಸಿನ್ನಿನ ಸುತ್ತ ಅತ್ತೆ, ಸುನಂದ, ಚಿಕ್ಕಗಂಗಮ್ಮ, ಅವಳ ಸೊಸೆ ರಜನಿ. ನಾನು ಗಂಟಲು ಸರಿಮಾಡಿಕೊಂಡು ಧೋಬಿ ಘಾಟಿನಿಂದ ಶುರು ಮಾಡಿದೆ. ತೊಟ್ಟಿಗಳನ್ನು ವರ್ಣಿಸಿದೆ, ಒಗೆಯುವ ಶಬ್ದವನ್ನು ಬಾಯಲ್ಲಿ ಮಾಡಿ ತೋರಿಸಿದೆ. ಯಾರೂ ಹೂಂಗುಟ್ಟಲಿಲ್ಲ. ರಜನಿ, ಅಲ್ಲ ಆಂಟಿ, ಬಟ್ಟೆ ಒಗೆಯೋದನ್ನ ನೋಡೋಕೆ ರೈಲಲ್ಲಿ ಹೋದ್ರಾ ಎಂದಳು. ನಾನು ಅವಸರವಾಗಿ ಪೆಂಗ್ವಿನ್‌ಗೆ ಜಿಗಿದೆ. ಅದೇನು ಮಾಡುತ್ತದೆ ಎಂದು ಚಿಕ್ಕಗಂಗಮ್ಮ ಕೇಳಿದಳು. ನಿಂತಿರುತ್ತದೆ ಎಂದೆ. ಬರೀ ನಿಂತಿರುತ್ತದಾ ಎಂದಳು. ಹೂಂ ಎಂದೆ. ನನ್ನ ಕಥೆಗೆ ಹೂಂಗುಟ್ಟಿದವಳು ನಾನೊಬ್ಬಳೇ.

ಅತ್ತೆಗೆ ತಾಳ್ಮೆ ಮುಗಿಯಿತು. "ಅದೆಲ್ಲ ಇರ್ಲಿ ಕಣಮ್ಮಾ. ಸಮುದ್ರಂ ಎಟ್ಲುಂದಿ, ಅದ್ ಹೇಳು."

ಉತ್ಸಾಹವೋ ಕೋಪವೋ ಬಂದರೆ ನಮ್ಮತ್ತೆ ತೆಲುಗಿಗೆ ಇಳಿಯುತ್ತಾರೆ. ಸಮುದ್ರ ಹೇಗಿದೆ ಎಂದರೆ ನಾನು ಏನು ಹೇಳಲಿ ಎಂದು ಒಂದು ಕಾಳನ್ನೇ ಎರಡು ಸಲ ಹಿದುಕುತ್ತಿರುವಾಗ, ತೋಟದಿಂದ ಬಂದು ಕಾಲು ತೊಳೆಯುತ್ತಿದ್ದ ನಮ್ಮ ಯಜಮಾನರು ಚೊಂಬು ಕೆಳಗಿಟ್ಟು ಹೇಳಿದರು.

"ಅಮ್ಮಾ, ಅದಕ್ಕೆ ಆ ಕಡೆ ದಡಾನೇ ಇಲ್ಲ."

ಎಲ್ಲರೂ ಅವರ ಕಡೆ ತಿರುಗಿದರು. ಎಲ್ಲರಿಗಿಂತ ಜೋರಾಗಿ ತಿರುಗಿದವಳು ನಾನು.

"ಇವ್ಳು ಸಮುದ್ರ ಕಾಣದ ದಾರೀಲಿ ಹೋಗು ಅಂದ್ಲಲ್ಲ, ಆ ಡ್ರೈವರ್ ಹುಡ್ಗ ನಮ್ಮ ಮನೆಯೋರು ಯಾರೋ ಸಮುದ್ರದಾಗೆ ಮುಳುಗಿ ಹೋಗವ್ರೆ ಅಂತ ತಿಳ್ಕೊಂಡವ್ನೆ," ಎಂದರು ನಮ್ಮ ಯಜಮಾನರು. "ಇವ್ಳು ಪೆಂಗ್ವಿನ್ ನೋಡಕ್ಕೆ ಒಳೀಕ್ ಹೋದ್ಮೇಲೆ ನನ್ನ ಕೈ ಹಿಡ್ಕೊಂಡ. ದೀದಿ ಸಂಕಟ ನೋಡಕ್ಕಾಗಲ್ಲ, ನೀವಾದ್ರೂ ಧೈರ್ಯ ಮಾಡಿ ಸತ್ತೋರ ಹೆಸ್ರಲ್ಲಿ ಒಂದು ಕಾಯಿ ಬಿಟ್ಟು ಬನ್ನಿ ಅಂದ. ನಿಜ ಹೇಳಿದ್ರೆ ಕರ್ಕೊಂಡು ಹೋಗ್ತಾನೋ ಇಲ್ವೋ ಅಂತ ನಾನು ಸುಮ್ನಿದ್ದೆ. ಕಾಯೀನೂ ಅವ್ನೇ ತಂದ. ಇಬ್ರೂ ಹೋಗಿ ಬಿಟ್ಟು ಬಂದ್ವಿ. ಆ ಹುಡ್ಗ ಅತ್ತೇಬಿಟ್ಟ."

ಅವರು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ನಮ್ಮ ಮದುವೆಯಲ್ಲೂ ಕೇಳಿರಲಿಲ್ಲ. ಅತ್ತೆಯ ಕಣ್ಣಲ್ಲಿ ನೀರು. ಮಗ ಸಮುದ್ರರಾಜನಿಗೆ ಕಾಯಿ ಅರ್ಪಿಸಿ ಬಂದಿದ್ದಾನೆ, ಯಾರ ಹೆಸರಲ್ಲಿ ಆದರೇನು. ಸುನಂದ ಸಂಭ್ರಮದಿಂದ ಕೇಳಿದಳು.

"ಬಾವಾ, ಅಲೆ ವಾಪಸ್ ಹೋಗುವಾಗ ಕಾಲಡಿ ಮರಳು ಜಾರ್ತಾ?"

"ಜಾರ್ತಮ್ಮಾ. ಯಾರೋ ಕೆಳಗಿಂದ ಎಳ್ದಂಗೆ. ಒಳ್ಳೇ ಭಯ, ಒಳ್ಳೇ ಖುಷಿ."

"ನಂಗೂ ಹಂಗೇ ಆಯ್ತು ಬಾವ."

ಸಮುದ್ರ ಕಂಡವರಿಬ್ಬರೂ ಹಾಗೆ ಮಾತಾಡಿಕೊಳ್ಳುತ್ತಿದ್ದರೆ ಕಾಣದ ನಾನು ನಡುವೆ ಕೂತು ಸಿಪ್ಪೆ ಆಯುತ್ತಿದ್ದೆ. ಇಷ್ಟು ದಿನ ವಾರಗಿತ್ತಿಯ ಮೇಲೆ ಮಾತ್ರ ಇದ್ದ ಹೊಟ್ಟೆಕಿಚ್ಚು ಈಗ ಕಟ್ಟಿಕೊಂಡ ಗಂಡನ ಮೇಲೂ ಹತ್ತಿಕೊಂಡಿತು. ಮೈದುನನ ಹೆಂಡತಿ ಸಮುದ್ರ ನೋಡಿದರೆ ಮಧ್ಯೆ ಗೋಡೆಯಾದರೂ ಇರುತ್ತದೆ. ಗಂಡನೇ ನೋಡಿಕೊಂಡು ಬಂದು ಪಕ್ಕದಲ್ಲಿ ಗೊರಕೆ ಹೊಡೆದರೆ ಏನು ಮಾಡುವುದು?

ಅಷ್ಟರಲ್ಲಿ ಅತ್ತೆ ಕೇಳಬಾರದ್ದನ್ನು ಕೇಳಿದರು. "ಅದ್ಸರಿ, ಅಲ್ಲಿಗಂಟ ಹೋಗಿ ನೀನ್ಯಾಕಮ್ಮಾ ಸಮುದ್ರ ಬ್ಯಾಡ ಅಂದೆ?"

ಎಲ್ಲರ ಬೆರಳೂ ನಿಂತವು. ಚಿಕ್ಕಗಂಗಮ್ಮನ ಬೆರಳು ಕೂಡ ನಿಂತಿತು, ಪಿತ್ತಕೋಶದ ಕಲ್ಲಿನ ನಂತರ ಇದೇ ಮೊದಲು. ಸುನಂದ ನೋಡಿದ್ದು ನನಗೆ ಬೇಡವಾಗಿತ್ತು ಎಂದು ಅವಳೆದುರಿಗೇ ಹೇಗೆ ಹೇಳಲಿ? ಮೈ ಬೆವರಿತು. ಬೆವರನ್ನು ನೋಡಿದ ಸುನಂದ (ಎಷ್ಟು ಒಳ್ಳೆಯವಳೆಂದು ಆಗಲೇ ಹೇಳಿದ್ದೇನೆ) ನನ್ನ ಸಹಾಯಕ್ಕೆ ಬಂದಳು.

"ಅಕ್ಕಂಗೆ ನೀರು ಅಂದ್ರೆ ಭಯ ಇರ್ಬೇಕು ಅತ್ತೆ. ಎಷ್ಟೋ ಜನಕ್ಕೆ ಇರುತ್ತೆ, ಹೇಳ್ಕೊಳಲ್ಲ."

ನಾನು ಹೂಂ ಎಂದುಬಿಟ್ಟೆ.

ಆ ಒಂದು ಹೂಂ ನನ್ನನ್ನು ರೋಗಿಯನ್ನಾಗಿ ಮಾಡಿತು. ಅತ್ತೆಗೆ ಹಳೆಯದೆಲ್ಲ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಗಂಗೆ ಪೂಜೆಗೆ ಹೋದಾಗ ನಾನು ಕೆರೆಗೆ ಇಳಿಯದೆ ದಡದಲ್ಲೇ ನಿಂತಿದ್ದೆನಂತೆ. (ಹೊಸ ರೇಷ್ಮೆ ಸೀರೆ, ಕೆಸರು. ಯಾರು ತಾನೇ ಇಳಿಯುತ್ತಾರೆ?) ಮುಳಬಾಗಿಲಿನಿಂದ ತಾಯತ ತರಿಸಿ ತೋಳಿಗೆ ಕಟ್ಟಿದರು. ನೀರಿನ ಸಂಪಿನ ಮುಚ್ಚಳ ನಾನು ತೆಗೆಯಕೂಡದೆಂದು ಆಜ್ಞೆಯಾಯಿತು. ಸುನಂದ ನನ್ನ ಪಾಲಿನ ಬಿಂದಿಗೆಗಳನ್ನೂ ತುಂಬಿಸಿಟ್ಟು ಹೋಗುತ್ತಿದ್ದಳು. ಇಷ್ಟು ಸುಖವನ್ನು ನಾನು ಅನುಭವಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೂತಲ್ಲೇ ಕಾಫಿ ಕುಡಿಯುತ್ತಾ, ಈ ಭಯ ಇನ್ನೊಂದಷ್ಟು ದಿನ ಇರಲಿ ಎಂದುಕೊಂಡೆ.

ಆದರೆ ಸಂಕ್ರಾಂತಿ ಕಳೆಯುತ್ತಲೇ ಅತ್ತೆ ಮನೆಯವರನ್ನೆಲ್ಲ ಜಗಲಿಗೆ ಕರೆದರು. ದೊಡ್ಡ ಮಗ ಕಾಯಿ ಬಿಟ್ಟ ಮೇಲೆ ಸಮುದ್ರರಾಜ ದಿನಾ ಕನಸಿನಲ್ಲಿ ಬರುತ್ತಿದ್ದಾನಂತೆ. ಕಣ್ಣು ಮುಚ್ಚುವುದರೊಳಗೆ ರಾಮೇಶ್ವರದಲ್ಲಿ ಒಂದು ಮುಳುಗು ಹಾಕಬೇಕು, ಇಡೀ ಮನೆ ಹೊರಡಬೇಕು ಎಂದರು. ಮುರಳಿ ಟೆಂಪೋ ಟ್ರಾವೆಲರ್ ಗೊತ್ತು ಮಾಡುತ್ತೇನೆ ಎಂದ. ನಮ್ಮ ಯಜಮಾನರು ಎಲ್ಲರಿಗಿಂತ ಮುಂಚೆ ತಲೆಯಾಡಿಸಿದರು. ನನ್ನ ಮನಸ್ಸು ಕುಣಿಯಿತು. ಸುನಂದ ಮುಂಬೈ ಸಮುದ್ರ ನೋಡಿರಬಹುದು, ರಾಮೇಶ್ವರದ್ದನ್ನು ನೋಡಿಲ್ಲವಲ್ಲ. ಅವಳಿಗಿಂತ ಒಂದು ಹೆಜ್ಜೆ ಮುಂದೆ ಓಡಿ ನೀರಿಗೆ ಮೊದಲು ಕಾಲಿಡುವುದು ಹೇಗೆಂದು ಆಗಲೇ ಲೆಕ್ಕ ಹಾಕತೊಡಗಿದ್ದೆ.

ಅತ್ತೆ ನನ್ನ ತಲೆ ಸವರಿದರು. ಪಾಪ, ಪದ್ಮಶ್ರೀನ ಮಾತ್ರ ಬಲವಂತ ಮಾಡೋದು ಬೇಡ, ಅವಳ ಸೀಟಲ್ಲಿ ಚಿಕ್ಕಗಂಗಮ್ಮ ಬರಲಿ ಎಂದರು.

ನಾನು ಏನೇನೋ ಹೇಳಿ ನೋಡಿದೆ. ಭಯ ಕಡಿಮೆಯಾಗಿದೆ ಎಂದೆ, ತಾಯತ ಕೆಲಸ ಮಾಡಿದೆ ಎಂದೆ. ಮನೆಯವರಿಗೋಸ್ಕರ ಎಷ್ಟು ಧೈರ್ಯ ತಂದುಕೊಳ್ಳುತ್ತಾಳೆ ನೋಡಿ ಎಂದು ಮಾವನವರು ಕಣ್ಣೊರೆಸಿಕೊಂಡರು. ಹೊರಡುವ ಹಿಂದಿನ ಸಂಜೆ ಸುನಂದ ಕೊಟ್ಟಿಗೆಗೆ ಬಂದಳು. ನಾನು ಹಸುವಿನ ಮುಂದೆ ಹುಲ್ಲು ಹಾಕುತ್ತಿದ್ದೆ.

"ಅಕ್ಕಾ, ನಿಜ ಹೇಳಿ. ನಿಮಗೆ ಭಯಾನಾ, ಇಲ್ಲ ಬೇರೆ ಏನಾದ್ರೂ ಇತ್ತಾ? ನಾನು ಯಾರಿಗೂ ಹೇಳಲ್ಲ. ನೀವಿಲ್ದೆ ಹೋಗೋಕೆ ನಂಗೆ ಮನಸ್ಸಿಲ್ಲ."

ಅವಳ ಮುಖದಲ್ಲಿ ಕಪಟವಿರಲಿಲ್ಲ. ಒಂದು ಮಾತು, ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಹಾಗೆ ಮಾಡಿದೆ ಕಣೇ ಎಂಬ ಒಂದೇ ಮಾತು ಹೇಳಿದ್ದರೆ ರಾಮೇಶ್ವರದ ಸೀಟು ನನ್ನದಾಗುತ್ತಿತ್ತು. ಅವಳ ದೊಡ್ಡ ಕಣ್ಣುಗಳನ್ನು ನೋಡಿದೆ. ಈ ಮಾತು ಕೇಳಿಯೂ ಇವಳು ಕೋಪ ಮಾಡಿಕೊಳ್ಳದೆ ನನ್ನನ್ನು ಸಮಾಧಾನ ಮಾಡುತ್ತಾಳೆ ಎನ್ನಿಸಿತು. ಅದನ್ನು ಮಾತ್ರ ನನ್ನಿಂದ ಸಹಿಸಲು ಸಾಧ್ಯವಿರಲಿಲ್ಲ.

"ಭಯಾನೇ ಕಣೆ. ತುಂಬಾ ಭಯ," ಎಂದೆ.

ಬೆಳಿಗ್ಗೆ ಟೆಂಪೋ ಬಂತು. ಮಾವ ಹತ್ತಿದರು, ಮುರಳಿ ಹತ್ತಿದ, ಸುನಂದ ಹತ್ತಿದಳು. ಎರಡನೇ ಸಲ ಸಮುದ್ರ ನೋಡಲು ಹೊರಟ ನಮ್ಮ ಯಜಮಾನರು ಹೊಸ ಬರ್ಮುಡಾ ಹಾಕಿಕೊಂಡು ಹತ್ತಿದರು. ಚಿಕ್ಕಗಂಗಮ್ಮ ನನ್ನ ಸೀಟಿನಲ್ಲಿ, ಕಿಟಕಿ ಪಕ್ಕದಲ್ಲಿ, ಗಟ್ಟಿಯಾಗಿ ಕೂತುಕೊಂಡಳು. ನಾನು ಸಗಣಿ ಬಾಚಿದ ಕೈಯನ್ನು ಹಿಂದೆ ಕಟ್ಟಿಕೊಂಡು ಜಗಲಿಯ ಮುಂದೆ ನಿಂತು ನಗುತ್ತಿದ್ದೆ. ಕೊನೆಗೆ ಹತ್ತಿದ ಅತ್ತೆ, ಗಾಡಿ ಹೊರಡುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಮನಸ್ಸಿಗೆ ಹಚ್ಕೋಬ್ಯಾಡಮ್ಮಾ. ನಿಂಗೂಂತ ಒಂದು ಬಾಟ್ಲಾಗೆ ಸಮುದ್ರದ ನೀರು ತತ್ತೀವಿ. ಮೊದ್ಲು ಅದನ್ನ ದೂರದಿಂದ ನೋಡಿ ಅಭ್ಯಾಸ ಮಾಡ್ಕೊ."